ಪೆಟ್ಟಿಗೆ ಇಲ್ಲದ ಸ್ಪೀಕರ್: ಬರೀ ಹಲಗೆಯಿಂದ ಏನು ಸಿಗುತ್ತದೆ, ಏನು ಹೋಗುತ್ತದೆ?

ಮನೆಯಲ್ಲಿ ಹಳೆಯ ಕಾರ್ ಸ್ಪೀಕರ್ ಒಂದು ಬಿದ್ದಿದ್ದರೆ ಈಗಲೇ ತೆಗೆಯಿರಿ. ಆಂಪ್ಲಿಫೈಯರ್‌ಗೆ ಎರಡು ವೈರ್ ಜೋಡಿಸಿ, ಸ್ಪೀಕರನ್ನು ಕೈಯಲ್ಲೇ ಹಿಡಿದುಕೊಂಡು ಸಣ್ಣ ದನಿಯಲ್ಲಿ ಮೃದಂಗದ ತನಿ ಹಾಕಿ. ಬಲಗೈಯ ಪೆಟ್ಟು ಟಣ್ಣೆಂದು ಕೇಳುತ್ತದೆ. ಎಡಗೈಯ ಗುಮ್ಮೆನ್ನುವ ದನಿ ಮಾತ್ರ ಎಲ್ಲೋ ಮಾಯವಾಗಿರುತ್ತದೆ.

ಈಗ ಟಿವಿ ಬಂದ ದೊಡ್ಡ ರಟ್ಟಿನ ಡಬ್ಬಿಯ ಒಂದು ಮಗ್ಗುಲು ಕತ್ತರಿಸಿ. ನಡುವೆ ಸ್ಪೀಕರಿನ ಅಳತೆಗೆ ತೂತು ಮಾಡಿ. ಹಾಡು ನಡೆಯುತ್ತಿರುವಾಗಲೇ ಸ್ಪೀಕರನ್ನು ಆ ತೂತಿಗೆ ಹಿಂದಿನಿಂದ ಒತ್ತಿ ಹಿಡಿಯಿರಿ. ಎಡಗೈ ದನಿ ತಟ್ಟನೆ ವಾಪಸ್ ಬರುತ್ತದೆ. ತೆಗೆಯಿರಿ, ಹೋಗುತ್ತದೆ. ಒತ್ತಿ, ಬರುತ್ತದೆ. ಇದನ್ನು ಹತ್ತು ಸಲ ಮಾಡಿ ನೋಡಿ, ಬೇಜಾರಾಗುವುದಿಲ್ಲ. ಓಪನ್ ಬ್ಯಾಫಲ್ ಸ್ಪೀಕರ್ ಅಂದರೆ ಇಷ್ಟೇ. ಉಳಿದದ್ದೆಲ್ಲ ಈ ರಟ್ಟನ್ನು ಎಷ್ಟು ಅಗಲ ಮಾಡಬೇಕು, ಯಾವ ಸ್ಪೀಕರ್ ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವ ಲೆಕ್ಕ.

ಆಗಿದ್ದೇನು? ಸ್ಪೀಕರಿನ ಕೋನ್, ಅಂದರೆ ಅದುರುವ ಬಟ್ಟಲಿನಂಥ ಭಾಗ, ಮುಂದಿನ ಗಾಳಿಯನ್ನು ತಳ್ಳಿದ ಹೊತ್ತಿಗೇ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಮುಂದಿನದು, ಹಿಂದಿನದು ಪೂರ್ತಿ ಉಲ್ಟಾ. ತಡೆ ಇಲ್ಲದಿದ್ದರೆ ಎರಡೂ ಅಂಚಿನಲ್ಲಿ ಸೇರಿ ಒಂದನ್ನೊಂದು ಅಳಿಸಿಬಿಡುತ್ತವೆ. ಕೆಳಗಿನ ಸ್ವರಗಳಲ್ಲಿ ಇದು ಜಾಸ್ತಿ, ಯಾಕೆಂದರೆ ಅವುಗಳ ಅಲೆ ಬಹಳ ಉದ್ದ. 100 ಹರ್ಟ್ಜ್ (ಸೆಕೆಂಡಿಗೆ 100 ಕಂಪನ) ಅಲೆ ಸುಮಾರು 3.4 ಮೀಟರ್, 40 ಹರ್ಟ್ಜ್ ಅಲೆ 8.6 ಮೀಟರ್. ಅಷ್ಟುದ್ದದ ಅಲೆಗೆ ಕೈಯಗಲದ ಸ್ಪೀಕರನ್ನು ಸುತ್ತಿ ಬರುವುದು ಒಂದು ದೂರವೇ ಅಲ್ಲ. ಹಲಗೆ ಆ ದಾರಿಯನ್ನು ಉದ್ದ ಮಾಡುತ್ತದೆ, ಅಷ್ಟೇ.

ಇದು ಹೊಸ ವಿಷಯವೇನಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಇಂದಿನ ಬಗೆಯ ಕೋನ್ ಸ್ಪೀಕರ್ ಬಗ್ಗೆ 1925ರಲ್ಲಿ ಬರೆದಾಗಲೇ ಹಲಗೆಯ ಮಾತು ಬಂದಿತ್ತು. ನಮ್ಮ ಅಜ್ಜಂದಿರ ಕಾಲದ ವಾಲ್ವ್ ರೇಡಿಯೋ ನೆನಪಿದೆ ಅಲ್ವಾ? ಮರದ ಮೈ, ಮುಂದೆ ಬಟ್ಟೆ, ಹಿಂದೆ ಸಾಲು ತೂತುಗಳ ತೆಳು ರಟ್ಟು. ಅದು ನೋಡಲು ಪೆಟ್ಟಿಗೆ, ಕೆಲಸದಲ್ಲಿ ಮಡಿಸಿಟ್ಟ ಹಲಗೆ. ಆ ರೇಡಿಯೋದ ವಾರ್ತೆಯಲ್ಲಿ ಮಾತು ಅಷ್ಟು ತಿಳಿಯಾಗಿ ಕೇಳುತ್ತಿದ್ದುದಕ್ಕೆ ತೆರೆದ ಬೆನ್ನೂ ಒಂದು ಕಾರಣ.

ಸಿಗುವುದೇನು

ಮುಚ್ಚಿದ ಪೆಟ್ಟಿಗೆ ಹಿಂದಿನ ದನಿಯನ್ನು ಕೂಡಿಹಾಕುತ್ತದೆ. ಕೂಡಿಹಾಕಿದ ದನಿ ಸುಮ್ನೆ ಇರುವುದಿಲ್ಲ. ಪೆಟ್ಟಿಗೆಯ ಗೋಡೆಯನ್ನು ಅದುರಿಸುತ್ತದೆ, ಕೋನಿನ ತೆಳು ಕಾಗದದ ಮೂಲಕವೇ ಸ್ವಲ್ಪ ತಡವಾಗಿ ಹೊರಗೆ ಬರುತ್ತದೆ. ಗಂಡು ದನಿಗೆ ಬರುವ ಆ ಡಬ್ಬಿಯೊಳಗಿಂದ ಮಾತಾಡಿದ ಗುಣ ಬಹಳ ಸಲ ಇಲ್ಲಿಂದಲೇ ಬಂದಿರುತ್ತದೆ. ಹಲಗೆಯಲ್ಲಿ ಅದಿಲ್ಲ. ತಂಬೂರಿಯ ಜೀವಾಳ, ವೀಣೆಯ ತಂತಿ ಮೇಲೆ ಬೆರಳು ಜಾರುವ ಸದ್ದು, ಹಾಡುವವರು ಉಸಿರೆಳೆದುಕೊಳ್ಳುವುದು, ಇವೆಲ್ಲ ಬಿಡಿಬಿಡಿಯಾಗಿ ಕೇಳುತ್ತವೆ.

ಇನ್ನೊಂದು ಲಾಭ ನಮ್ಮ ಮನೆಗಳಿಗೆ ಹೇಳಿ ಮಾಡಿಸಿದ್ದು. ಹಲಗೆ ಸ್ಪೀಕರ್ ಮುಂದಕ್ಕೂ ಹಿಂದಕ್ಕೂ ದನಿ ಕಳಿಸುತ್ತದೆ, ಪಕ್ಕಕ್ಕೆ ಕಳಿಸುವುದಿಲ್ಲ. ಮೇಲಿನಿಂದ ನೋಡಿದರೆ ಇಂಗ್ಲಿಷ್ ಅಂಕಿ 8ರ ಆಕಾರ. ಎಲ್ಲ ದಿಕ್ಕಿಗೂ ಸಮನಾಗಿ ದನಿ ಬಿಡುವ ಸ್ಪೀಕರಿಗೆ ಹೋಲಿಸಿದರೆ, ಎದುರು ಕೂತವರಿಗೆ ಅಷ್ಟೇ ದನಿ ಕೇಳಿಸುವಾಗ ಇದು ಕೋಣೆಗೆ ಬಿಡುವ ಒಟ್ಟು ಶಕ್ತಿ ಮೂರರಲ್ಲಿ ಒಂದು ಪಾಲು. ಸಿಮೆಂಟ್ ಗೋಡೆ, ಗ್ರಾನೈಟ್ ನೆಲ, ಹೆಚ್ಚು ಪರದೆ ಇಲ್ಲದ ಹಾಲ್‌ನಲ್ಲಿ ಬಾಸ್ ಗೊಂಯ್ ಅಂತ ಸುತ್ತುವುದು ಇದರಿಂದ ಎಷ್ಟೋ ಕಡಿಮೆಯಾಗುತ್ತದೆ.

ಹೋಗುವುದೇನು: ಹಲಗೆಯ ಅಗಲದ ಲೆಕ್ಕ

ಕೋನಿನ ನಡುವಿನಿಂದ ಹಲಗೆಯ ಹತ್ತಿರದ ಅಂಚಿಗೆ ಎಷ್ಟು ದೂರ ಎಂದು ಮೀಟರಿನಲ್ಲಿ ಅಳೆಯಿರಿ. 58ನ್ನು ಆ ಸಂಖ್ಯೆಯಿಂದ ಭಾಗಿಸಿ. ಬರುವ ಹರ್ಟ್ಜ್‌ನಿಂದ ಕೆಳಗೆ ನಿಮ್ಮ ಹಲಗೆ ಪೆಟ್ಟಿಗೆಗಿಂತ ಹಿಂದೆ ಬೀಳಲು ಶುರು. ಇದು ಅಂದಾಜಿನ ಲೆಕ್ಕ, ಆದರೆ ಹಲಗೆ ಕೊಯ್ಯುವ ಮೊದಲು ಇಷ್ಟು ಸಾಕು.

ಎರಡಡಿ ಅಗಲದ ಹಲಗೆ ಅಂದುಕೊಳ್ಳಿ. ಅಂಚಿಗೆ ಒಂದಡಿ, ಅಂದರೆ 0.3 ಮೀಟರ್. ಲೆಕ್ಕ ಸುಮಾರು 190 ಹರ್ಟ್ಜ್‌ಗೆ ಬಂತು. ಅಲ್ಲಿಂದ ಕೆಳಗೆ ಪ್ರತಿ ಸ್ಥಾಯಿಗೆ, ಅಂದರೆ ಹರ್ಟ್ಜ್ ಅರ್ಧವಾದಾಗಲೆಲ್ಲ, ದನಿ 6 ಡೆಸಿಬಲ್ ಇಳಿಯುತ್ತದೆ. 95ರಲ್ಲಿ 6 ಡೆಸಿಬಲ್ ಕಡಿಮೆ, 48ರಲ್ಲಿ 12. ಆ 12 ಡೆಸಿಬಲನ್ನು ಆಂಪ್ಲಿಫೈಯರ್‌ನಿಂದ ತುಂಬಿಸಲು ಹೋದರೆ 16 ಪಟ್ಟು ವ್ಯಾಟ್ ಬೇಕು, ಕೋನ್ 4 ಪಟ್ಟು ದೂರ ಓಡಾಡಬೇಕು. ಸಣ್ಣ ಸ್ಪೀಕರ್ ಅಲ್ಲೇ ತಟತಟ ಎಂದು ಕೈಚೆಲ್ಲುತ್ತದೆ. ಹೋಗಲಿ, ಹಲಗೆಯನ್ನೇ ದೊಡ್ಡದು ಮಾಡೋಣ ಅಂದರೆ ಎಂಟಡಿ ಅಗಲ ಬೇಕಾಗುತ್ತದೆ. ಅದು ಸ್ಪೀಕರ್ ಅಲ್ಲ, ಗೋಡೆ.

ಹಾಗಾಗಿ ಮೊದಲೇ ಒಂದು ತೀರ್ಮಾನ ಮಾಡಿಕೊಳ್ಳಿ. ನೀವು ಕೇಳುವುದು ಹಾಡುಗಾರಿಕೆ, ಭಾವಗೀತೆ, ವೀಣೆ, ಕೊಳಲು, ಹಳೆಯ ಸಿನಿಮಾ ಹಾಡು ಆದರೆ ಎರಡಡಿ ಹಲಗೆ ಸಾಕು, ಧೈರ್ಯವಾಗಿ ಮಾಡಿ. ಎದೆಗೆ ಗುದ್ದುವ ಬಾಸ್ ಬೇಕಿದ್ದರೆ 80–100 ಹರ್ಟ್ಜ್‌ನಿಂದ ಕೆಳಗಿನದನ್ನು ಬೇರೆ ಸಬ್‌ವೂಫರ್‌ಗೆ, ಅಂದರೆ ಬಾಸ್‌ಗೆಂದೇ ಇರುವ ಸ್ಪೀಕರಿಗೆ, ಬಿಟ್ಟುಬಿಡಿ. ಹಲಗೆಯೊಂದರಿಂದಲೇ ಎರಡನ್ನೂ ಹಿಂಡಲು ಹೋಗಬೇಡಿ.

ಸ್ಪೀಕರ್ ಆರಿಸುವುದು

ಇಲ್ಲಿ ಬಹಳ ಜನ ಎಡವುತ್ತಾರೆ. ದೊಡ್ಡ ಮ್ಯಾಗ್ನೆಟ್ ಇದ್ದರೆ ಒಳ್ಳೆಯ ಸ್ಪೀಕರ್ ಎಂಬ ನಂಬಿಕೆ ಇದೆ. ಹಲಗೆಗೆ ಅದು ಸರಿಹೋಗುವುದಿಲ್ಲ. ಬಲವಾದ ಮ್ಯಾಗ್ನೆಟ್ ಕೋನನ್ನು ಬಿಗಿಯಾಗಿ ಹಿಡಿಯುತ್ತದೆ, ಬಾಸ್ ಇನ್ನೂ ಬಡವಾಗುತ್ತದೆ. ಹಿಡಿತ ಸಡಿಲ ಇದ್ದರೆ ಕೋನ್ ತನ್ನ ಸಹಜ ಕಂಪನದ ಹತ್ತಿರ ಸ್ವಲ್ಪ ಜಾಸ್ತಿ ತೂಗುತ್ತದೆ. ಹಲಗೆ ಕಳೆದ ಬಾಸನ್ನು ಆ ತೂಗಾಟ ಒಂದಿಷ್ಟು ತುಂಬಿಕೊಡುತ್ತದೆ. ಈ ಹಿಡಿತದ ಅಳತೆಗೆ ಕ್ಯುಟಿಎಸ್ (Qts) ಎಂದು ಹೆಸರು; ಹಿಡಿತ ಸಡಿಲವಾದಷ್ಟೂ ಸಂಖ್ಯೆ ದೊಡ್ಡದು. ಸ್ಪೀಕರಿನ ಮಾಹಿತಿ ಹಾಳೆಯಲ್ಲಿ ಅದನ್ನೇ ಮೊದಲು ಹುಡುಕಿ. 0.3, 0.4 ಇದ್ದರೆ ಅದು ಪೆಟ್ಟಿಗೆಯ ಸ್ಪೀಕರ್. 0.7 ಅಥವಾ ಹೆಚ್ಚಿದ್ದರೆ ಹಲಗೆಗೆ ತನ್ನಿ. ಹಲಗೆ ಕಟ್ಟುವವರು ಮೆಚ್ಚುವ ಎಮಿನೆನ್ಸ್ ಆಲ್ಫಾ 15ಎ ಎಂಬ 15 ಇಂಚಿನ ಸ್ಪೀಕರಿನಲ್ಲಿ ಅದು 1.26.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಒಂದೇ: 8 ಇಂಚಿನ ಫುಲ್‌ರೇಂಜ್ (ಕೆಳಗಿನ, ಮೇಲಿನ ಸ್ವರ ಎಲ್ಲವನ್ನೂ ಒಂದೇ ನುಡಿಸುವ) ಸ್ಪೀಕರ್ ಎರಡು, 8 ಓಮ್, ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 90 ಡೆಸಿಬಲ್‌ಗಿಂತ ಹೆಚ್ಚು ದನಿ ಕೊಡುವಂಥದು.

ಹಲಗೆ ಕೊಯ್ಯುವುದು

18 ಎಂಎಂ ಪ್ಲೈವುಡ್ ತನ್ನಿ. 8x4 ಅಡಿಯ ಒಂದೇ ಹಾಳೆಯಲ್ಲಿ ಎರಡಡಿ ಅಗಲ, ಮೂರೂವರೆ ಅಡಿ ಎತ್ತರದ ಎರಡು ಹಲಗೆ ಆಗಿ ಇನ್ನೂ ಮಿಗುತ್ತದೆ. ಮಿಕ್ಕಿದ್ದರಲ್ಲಿ ಕಾಲು ಮಾಡಿಸಿ.

ತೂತು ಸರಿಯಾಗಿ ನಡುವೆ ಬೇಡ. ನಾಲ್ಕೂ ಅಂಚು ಸಮ ದೂರದಲ್ಲಿದ್ದರೆ ಎಲ್ಲ ಕಡೆಯಿಂದ ಸುತ್ತಿ ಬಂದ ದನಿ ಒಂದೇ ಹೊತ್ತಿಗೆ ಸೇರಿ, ಒಂದು ಜಾಗದಲ್ಲಿ ಉಬ್ಬು, ಇನ್ನೊಂದರಲ್ಲಿ ತಗ್ಗು ಮಾಡುತ್ತದೆ. ನಡುವಿನಿಂದ ಮೂರು ಇಂಚು ಪಕ್ಕಕ್ಕೆ ಸರಿಸಿ, ಎತ್ತರ ಕೂತವರ ಕಿವಿಯ ಮಟ್ಟಕ್ಕೆ. ಎರಡು ಹಲಗೆ ಒಂದಕ್ಕೊಂದು ಕನ್ನಡಿಯ ಬಿಂಬದಂತಿರಲಿ. ಹೀಗೆ ಸರಿಸಿದಾಗ ಬಾಸ್ ಒಂಚೂರು ಇಳಿಯುತ್ತದೆ. ಇಳಿದರೂ ಪರವಾಗಿಲ್ಲ, ಮಾತು ಹಾಡು ತಿಳಿಯಾಗುತ್ತದೆ.

ತೂತಿನ ಹಿಂಬದಿಯ ಅಂಚನ್ನು ಬಡಗಿಗೆ ಹೇಳಿ 45 ಡಿಗ್ರಿಗೆ ಇಳಿಜಾರಾಗಿ ಕೆತ್ತಿಸಿ. ಇದನ್ನು ಮರೆಯಲೇಬೇಡಿ. ನನ್ನ ಮೊದಲ ಜೋಡಿಗೆ ಕೆತ್ತಿಸಿರಲಿಲ್ಲ. ಕೋನಿನ ಬೆನ್ನು 18 ಎಂಎಂ ಸುರಂಗದೊಳಗೆ ಕೂತಿತ್ತು, ಹೆಣ್ಣು ದನಿಗೆಲ್ಲ ಮೂಗಿನಿಂದ ಹಾಡಿದ ಗುಣ ಬಂದಿತ್ತು. ವಾರಗಟ್ಟಲೆ ವೈರ್ ಬದಲಾಯಿಸಿದೆ, ಆಂಪ್ಲಿಫೈಯರ್ ಬದಲಾಯಿಸಿದೆ. ಕೊನೆಗೆ ಅರ ತಗೊಂಡು ಒಂದು ಹಲಗೆಯ ಅಂಚು ಉಜ್ಜಿ, ಇನ್ನೊಂದರ ಜತೆ ಹೋಲಿಸಿ ಕೇಳಿದಾಗಲೇ ಗೊತ್ತಾಗಿದ್ದು.

ಪಕ್ಕಕ್ಕೆ ಆರೇಳು ಇಂಚಿನ ರೆಕ್ಕೆಗಳನ್ನು ಹಿಂದಕ್ಕೆ ಕೂರಿಸಿದರೆ ಹಲಗೆ ಗಟ್ಟಿ ನಿಲ್ಲುತ್ತದೆ, ದಾರಿಯೂ ಉದ್ದವಾಗುತ್ತದೆ. ಅದಕ್ಕಿಂತ ಆಳ ಬೇಡ. ಆಳವಾದರೆ ಅದು ಅರೆ ಪೆಟ್ಟಿಗೆಯಾಗಿ ತನ್ನದೇ ಸ್ವರ ಹಾಡಲು ಶುರು ಮಾಡುತ್ತದೆ.

ದನಿ ಸಮ ಮಾಡುವುದು

ಹಾಗೇ ಜೋಡಿಸಿದರೆ ಮೇಲಿನ ಸ್ವರ ಚುರುಕು, ಕೆಳಗಿನದು ಸೊರಗು. ಸುಲಭದ ದಾರಿ ಇದೆ. 1.5 ಮಿಲಿಹೆನ್ರಿ ಕಾಯಿಲ್, 4.7 ಓಮ್‌ನ 10 ವ್ಯಾಟ್ ರೆಸಿಸ್ಟರ್ ಎರಡನ್ನೂ ಅಕ್ಕಪಕ್ಕ ಇಟ್ಟು (ಪ್ಯಾರಲಲ್ ಆಗಿ) ಎರಡೂ ಕಡೆಯ ತುದಿ ಸೇರಿಸಿ ಬೆಸುಗೆ ಹಾಕಿ, ಆ ಜೋಡಿಯನ್ನು ಸ್ಪೀಕರಿನ ಪ್ಲಸ್ ವೈರ್ ನಡುವೆ ಕೂರಿಸಿ. ಕೆಳಗಿನ ಸ್ವರ ಕಾಯಿಲ್ ಮೂಲಕ ಸಲೀಸಾಗಿ ಹೋಗುತ್ತದೆ, 500 ಹರ್ಟ್ಜ್ ಆಸುಪಾಸಿನಿಂದ ಮೇಲಿನದು ರೆಸಿಸ್ಟರ್ ಹಾದು ಸುಮಾರು 4 ಡೆಸಿಬಲ್ ತಗ್ಗುತ್ತದೆ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಎಲೆಕ್ಟ್ರಾನಿಕ್ಸ್ ಬೀದಿಯಲ್ಲಿ ಇಂಥ ಬಿಡಿಭಾಗ ಹುಡುಕಬಹುದು. ಬೆಲೆ ತೆರಬೇಕಾದದ್ದು ಒಂದೇ: ಒಟ್ಟು ದನಿ ಇಳಿಯುತ್ತದೆ. ಅದಕ್ಕೇ 90 ಡೆಸಿಬಲ್ ಅಂದಿದ್ದು. ಮುಂದೆ 15 ಇಂಚಿನ ಸ್ಪೀಕರ್ ಸೇರಿಸುವ ಆಸೆ ಹುಟ್ಟಿದರೆ ಡಿಎಸ್‌ಪಿ (ಸ್ವರಗಳನ್ನು ಡಿಜಿಟಲ್ ಆಗಿ ಪಾಲು ಮಾಡಿ ಸಮ ಮಾಡುವ ಸಾಧನ), ಇನ್ನೊಂದು ಆಂಪ್ಲಿಫೈಯರ್ ಬೇಕಾಗುತ್ತವೆ. ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಎಂಜಿನಿಯರ್ ಆಗಿದ್ದ ಸೀಗ್‌ಫ್ರೀಡ್ ಲಿಂಕ್ವಿಟ್ಜ್ ಎಲ್‌ಎಕ್ಸ್521 ಎಂಬ ಹಲಗೆ ಸ್ಪೀಕರನ್ನು ರೂಪಿಸಿದ್ದು ಇಂಥದೇ ದಾರಿಯಲ್ಲಿ, ಒಂದಕ್ಕಿಂತ ಹೆಚ್ಚು ಆಂಪ್ಲಿಫೈಯರ್ ಕೊಟ್ಟು.

ವೈರ್ ಉಲ್ಟಾ ಆಗಿದೆಯೇ ನೋಡಲು ಒಂದೂವರೆ ವೋಲ್ಟ್ ಸೆಲ್ ಸಾಕು. ಪ್ಲಸ್‌ಗೆ ಪ್ಲಸ್ ಮುಟ್ಟಿಸಿದಾಗ ಎರಡೂ ಕೋನ್ ಮುಂದಕ್ಕೆ ಹಾರಬೇಕು. ಒಂದು ಹಿಂದಕ್ಕೆ ಹೋದರೆ ಇರುವ ಬಾಸೂ ಹೋಯಿತು.

ನಿಲ್ಲಿಸುವ ಜಾಗ

ಹಿಂದಿನ ಗೋಡೆಯಿಂದ ಕನಿಷ್ಠ ಮೂರಡಿ. ನಾಲ್ಕಾದರೆ ಇನ್ನೂ ಒಳ್ಳೆಯದು. ಹಿಂದಿನ ದನಿ ಗೋಡೆಗೆ ಬಡಿದು ವಾಪಸ್ ಬರಲು ಐದಾರು ಮಿಲಿಸೆಕೆಂಡಿನಷ್ಟು ಹೊತ್ತು ಸಿಕ್ಕಿದರೆ ಕಿವಿ ಅದನ್ನು ಕೋಣೆಯ ಆಳ ಎಂದು ತಿಳಿಯುತ್ತದೆ. ಹತ್ತಿರವಾದರೆ ಹಾಡಿನ ಮೇಲೇ ಬಂದು ಕೂತು ಮಬ್ಬು ಮಾಡುತ್ತದೆ. ನಿಮ್ಮದು ಹತ್ತು ಬೈ ಹತ್ತರ ಕೋಣೆ, ಮಂಚ ಬೀರು ಎಲ್ಲ ಅಲ್ಲೇ ಅನ್ನುವುದಾದರೆ ದಯವಿಟ್ಟು ಇದನ್ನು ಮಾಡಬೇಡಿ. ಒಳ್ಳೆಯ ಚಿಕ್ಕ ಪೆಟ್ಟಿಗೆ ಸ್ಪೀಕರ್ ಅಲ್ಲಿ ಹೆಚ್ಚು ಸುಖ ಕೊಡುತ್ತದೆ. ಪಕ್ಕದ ಗೋಡೆ ಹತ್ತಿರವಿದ್ದರೂ ನಡೆಯುತ್ತದೆ. ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಬಹಳ ಚೆನ್ನ, ದನಿ ಚದುರಿ ಮೆತ್ತಗಾಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹಿಂಬದಿಗೆ ಜಾಲರಿ ಹಾಕಿಸಿ, ಕೋನಿಗೆ ಬೆರಳು ಹೋಗದ ಹಾಗೆ.

ಎಲ್ಲ ಮುಗಿದ ಮೇಲೆ ಒಂದೇ ಹಲಗೆಯನ್ನು ಹಾಲ್‌ನ ನಡುವೆ ನಿಲ್ಲಿಸಿ, ಗಂಡು ದನಿಯ ಹಾಡೊಂದು ಹಾಕಿ ಅದರ ಸುತ್ತ ನಿಧಾನವಾಗಿ ನಡೆಯಿರಿ. ಹಲಗೆಯ ಅಂಚಿಗೆ ಸರಿಯಾಗಿ ಪಕ್ಕದಲ್ಲಿ ಬಂದಾಗ ದನಿ ಕುಸಿದು ತೆಳ್ಳಗಾಗಬೇಕು, ಒಂದು ಹೆಜ್ಜೆ ಮುಂದಿಟ್ಟರೆ ಮತ್ತೆ ತುಂಬಿಕೊಳ್ಳಬೇಕು. ಪಕ್ಕದಲ್ಲೂ ದನಿ ಅಷ್ಟೇ ಜೋರಾಗಿದ್ದರೆ ಹಿಂಬದಿಯಲ್ಲಿ ಏನೋ ತಡೆ ಇದೆ ಎಂದರ್ಥ: ದಪ್ಪ ಬಟ್ಟೆಯೋ, ಕಿರಿದಾದ ತೂತೋ, ರೆಕ್ಕೆಯ ಆಳವೋ. ಅದನ್ನು ಹುಡುಕಿ ಸರಿಮಾಡಿ, ಆಮೇಲೆ ಎರಡನೆಯ ಹಲಗೆಗೆ ಕೈಹಾಕಿ.