ಟರ್ಬೊ ಕಾರು ಮುಗ್ಗರಿಸಿದರೆ ತಪ್ಪು ವಾಲ್ವ್ ಸ್ಪ್ರಿಂಗ್‌ನದ್ದೇನಾ?

1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಕಾರಿನ 1.6 ಲೀಟರ್ ಎಂಜಿನ್ನಿಗೆ ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಪಂಪು) ಕೂರಿಸುವ ಹುಚ್ಚು ಅಮೆರಿಕದಲ್ಲಿ ಇನ್ನೂ ಇಳಿದಿಲ್ಲ. ಕಂಪನಿ ಕೊಟ್ಟದ್ದು 116 ಅಶ್ವಶಕ್ತಿ, ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲನ್ನು ಅದುಮುವ ಅನುಪಾತ) 9.4:1. ಇದೇ ಕುಲದ ಎಂಜಿನ್ನಿಗೆ ಮಜ್ದಾ ತನ್ನ 323 ಕಾರಿನಲ್ಲಿ ತಾನೇ ಟರ್ಬೊ ಹಾಕಿದಾಗ ಕಂಪ್ರೆಷನ್ನನ್ನು 7.9:1ಕ್ಕೆ ಇಳಿಸಿತ್ತು.

ಹೀಗೆ ಟರ್ಬೊ ಹಾಕಿದ ಕಾರು ಮೇಲಿನ ಆರ್‌ಪಿಎಂನಲ್ಲಿ ತಡತಡ ಮುಗ್ಗರಿಸಿತೋ, 'ವಾಲ್ವ್ ಫ್ಲೋಟ್' (ವಾಲ್ವ್ ಸಮಯಕ್ಕೆ ಮುಚ್ಚದಿರುವುದು) ಎಂದು ತೀರ್ಪು ಕೊಟ್ಟು ಗಟ್ಟಿ ಸ್ಪ್ರಿಂಗ್ ತರಿಸುವವರೇ ಹೆಚ್ಚು. ಸ್ವಲ್ಪ ತಾಳಿ.

ಎಂಜಿನ್ನಿಗೆ ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಬಾಗಿಲೇ ವಾಲ್ವ್. ಅದನ್ನು ತೆರೆಯುವುದು ಕ್ಯಾಮ್ (ಉಬ್ಬುಗಳಿರುವ ತಿರುಗುವ ದಂಡ), ಮುಚ್ಚುವುದು ಸ್ಪ್ರಿಂಗ್. 7,200 ಆರ್‌ಪಿಎಂನಲ್ಲಿ ಇದು ಎಂಜಿನ್ನಿನ ಎರಡು ಸುತ್ತಿಗೊಮ್ಮೆ, ಅಂದರೆ ಸೆಕೆಂಡಿಗೆ 60 ಸಲ ನಡೆಯಬೇಕು. ಸ್ಪ್ರಿಂಗ್ ಸೋತರೆ ವಾಲ್ವ್ ಕ್ಯಾಮಿನ ಹಿಂದೆ ಬರಲಾರದೆ ತಡವಾಗಿ ಸೀಟಿಗೆ (ವಾಲ್ವ್ ಮುಚ್ಚಿದಾಗ ಕೂರುವ ಅಂಚು) ಬಡಿದು ಪುಟಿಯುತ್ತದೆ. ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಒತ್ತಡ) ಇದ್ದರೆ ಇನ್ನೊಂದು ಹೊರೆ: 30 ಮಿ.ಮೀ. ವ್ಯಾಸದ ಇನ್‌ಟೇಕ್ ವಾಲ್ವಿನ ಬೆನ್ನಿಗೆ 0.7 ಬಾರ್ ಬೂಸ್ಟ್ ಬಿದ್ದರೆ ಸುಮಾರು 5 ಕೆ.ಜಿ. ತಳ್ಳು. ಸೀಟಿನ ಮೇಲೆ ಸ್ಪ್ರಿಂಗ್ ಹಿಡಿತ 20 ಕೆ.ಜಿ. ಎಂದುಕೊಂಡರೆ ಕಾಲು ಭಾಗ ಅಲ್ಲೇ ಖರ್ಚು. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ಪಾಡು ಇನ್ನೂ ಕಷ್ಟ. ಸಣ್ಣ ಟರ್ಬೊಗಳಲ್ಲಿ ಟರ್ಬೈನಿಗೆ (ಹೊಗೆಯಿಂದ ತಿರುಗುವ ಟರ್ಬೊ ಚಕ್ರ) ಮುಂಚೆ ಕಟ್ಟಿಕೊಳ್ಳುವ ಹೊಗೆಯ ಒತ್ತಡ ಎಷ್ಟೋ ಸಲ ಬೂಸ್ಟನ್ನೂ ಮೀರುತ್ತದೆ.

ಆದರೂ ಮೊದಲು ಕೈಹಾಕಬೇಕಾದದ್ದು ಸ್ಪಾರ್ಕ್ ಪ್ಲಗ್ಗಿಗೆ. ದಟ್ಟ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟ. 1.1 ಮಿ.ಮೀ. ಗ್ಯಾಪ್ ಇದ್ದರೆ 0.7ಕ್ಕೆ ತನ್ನಿ. ಅರ್ಧಕ್ಕರ್ಧ 'ಫ್ಲೋಟ್' ಇಲ್ಲೇ ವಾಸಿಯಾಗುತ್ತದೆ ಎಂಬುದು ನನ್ನ ಅನಿಸಿಕೆ. ಆಮೇಲೆ ಏರ್-ಫ್ಯೂಯಲ್ ಮೀಟರ್ ನೋಡಿ, ಪೆಟ್ರೋಲ್ ಸಾಲದೆ ಎಂಜಿನ್ ಒಣಗುತ್ತಿಲ್ಲವಲ್ಲ?

ಎರಡೂ ಸರಿಯಿದ್ದರೆ ಡೈನೋ (ಕಾರಿನ ಶಕ್ತಿ ಅಳೆದು ಗೆರೆ ಎಳೆಯುವ ಯಂತ್ರ) ಮೇಲೆ ಮೂರು ಓಟ ಓಡಿಸಿ: 0.4, 0.55, 0.7 ಬಾರ್. ಬೂಸ್ಟ್ ಪೂರ್ತಿ ಬಂದು ಟಾರ್ಕ್ (ತಿರುಗಿಸುವ ಬಲ) ತುದಿ ಮುಟ್ಟುವಲ್ಲೇ ಮುಗ್ಗರಿಸಿದರೆ ಅನುಮಾನ ಕಿಡಿಯ ಮೇಲೆ. ಮೇಲಿನ ಆರ್‌ಪಿಎಂನಲ್ಲಿ ಗೆರೆ ಥಟ್ಟನೆ ಕುಸಿದು, ಬೂಸ್ಟ್ ಏರಿಸಿದಷ್ಟೂ ಆ ಕುಸಿತ ಕೆಳಗಿನ ಆರ್‌ಪಿಎಂಗೆ ಸರಿಯುತ್ತ ಬಂದರೆ ಅದು ಫ್ಲೋಟ್. ಈ ಎಂಜಿನ್ನಿನಲ್ಲಿ ಇರುವುದು ಹೈಡ್ರಾಲಿಕ್ ಟ್ಯಾಪೆಟ್ (ಕ್ಯಾಮ್ ಮತ್ತು ವಾಲ್ವ್ ನಡುವಿನ ಸಂದಿಯನ್ನು ಎಣ್ಣೆಯ ಒತ್ತಡದಿಂದ ಮುಚ್ಚುವ ಭಾಗ). ಫ್ಲೋಟ್ ಆದಾಗ ಅದು ಎಣ್ಣೆ ತುಂಬಿಕೊಂಡು ಉಬ್ಬಿ, ವಾಲ್ವ್ ಪೂರ್ತಿ ಮುಚ್ಚದಂತೆ ತಡೆಹಿಡಿಯುವುದೂ ಉಂಟು.

ಇನ್ನು ಸ್ಪ್ರಿಂಗ್ ಬಿಚ್ಚಿ, ಕೂರಿಸುವ ಎತ್ತರಕ್ಕೇ ಒತ್ತಿ ಟೆಸ್ಟರಿನಲ್ಲಿ ತೂಕ ನೋಡಿ. ಮೂವತ್ತು ವರ್ಷದ ಸ್ಪ್ರಿಂಗ್ ಬಲ ಕಳೆದುಕೊಂಡಿರಬಹುದು. ಸ್ವಲ್ಪವೇ ಕೊರತೆಯಿದ್ದರೆ ಅಡಿಯಲ್ಲಿ 0.5 ಮಿ.ಮೀ. ಶಿಮ್ (ತೆಳು ಬಿಲ್ಲೆ) ಸಾಕು. ಆದರೆ ವಾಲ್ವ್ ಪೂರ್ತಿ ತೆರೆದಾಗ ಸುರುಳಿಗೆ ಸುರುಳಿ ಅಂಟದಂತೆ ಒಟ್ಟು 1 ಮಿ.ಮೀ.ಯಾದರೂ ಸಂದಿ ಉಳಿಯಬೇಕು. ಸಾಲದಿದ್ದರೆ ಗಟ್ಟಿ ಸ್ಪ್ರಿಂಗ್. ಬೇಕಾದ್ದಕ್ಕಿಂತ ಗಟ್ಟಿಯಾದರೆ ಕ್ಯಾಮ್ ಸವೆಯುತ್ತದೆ.

ಸ್ಪ್ರಿಂಗ್ ಗಟ್ಟಿಯಾದ ಮಾತ್ರಕ್ಕೆ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ದಂಡ) ಗಟ್ಟಿಯಾಗುವುದಿಲ್ಲ. ಈ ಎಂಜಿನ್ನಿನ ಮೂಲ ರಾಡುಗಳಿಗೆ ಚಕ್ರದಲ್ಲಿ ಅಳೆದ 200 ಅಶ್ವಶಕ್ತಿಯ ಆಸುಪಾಸೇ ಗಡಿ ಎಂಬುದು ಟ್ಯೂನರ್‌ಗಳ ರೂಢಿಯ ಲೆಕ್ಕ. ಅವನ್ನು ಬಗ್ಗಿಸುವುದು ಕೆಳ ಆರ್‌ಪಿಎಂನಲ್ಲಿ ಒಮ್ಮೆಲೇ ನುಗ್ಗುವ ಟಾರ್ಕ್. ಎಳೆದು ಮುರಿಯುವುದು ಮೇಲಿನ ಆರ್‌ಪಿಎಂ. 7,000ದಿಂದ 7,700ಕ್ಕೆ ಹೋದರೆ ವೇಗ 10% ಹೆಚ್ಚು, ಎಳೆತ 21% ಹೆಚ್ಚು. ಹಾಗಾಗಿ ಬೂಸ್ಟ್ ನಿಧಾನವಾಗಿ ಏರುವಂತೆ ಟ್ಯೂನ್ ಮಾಡಿಸಿ. ಸ್ಪ್ರಿಂಗ್ ಬದಲಾಗುವವರೆಗೆ, ಡೈನೋದಲ್ಲಿ ಗೆರೆ ಕುಸಿದ ಜಾಗಕ್ಕಿಂತ 300 ಆರ್‌ಪಿಎಂ ಕೆಳಗೆ ರೆವ್ ಲಿಮಿಟರ್ (ಎಂಜಿನ್ ವೇಗಕ್ಕೆ ಹಾಕುವ ಮಿತಿ) ಕಟ್ಟಿಡಿ.