ಅಂಗಳಕ್ಕ ಗರಸು, ಖಡಿ, ಪೇವರ್ ಎಷ್ಟ್ ಬೇಕು – ನಾ ಲೆಕ್ಕ ಹಾಕಿದ್ದು ಹಿಂಗ
ನಮ್ಮ ಮನಿ ಅಣ್ಣಿಗೇರಿ ಕಡೆ, ಅಂಗಳ ಪೂರ್ತಿ ಎರಿ ಮಣ್ಣು, ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರುಕು, ಮಳಿ ಬಂತಂದ್ರ ಕಾರ್ ಗಾಲಿ ಅರ್ಧ ಒಳಗ. ಅದಕ್ಕ ಪೇವರ್ (ನೆಲಕ್ಕ ಜೋಡಿಸೋ ಸಿಮೆಂಟ್ ಇಟ್ಟಂಗಿ) ಹಾಕ್ಸೋದಂತ ಗೌಂಡಿನ ಕರದ್ರ ಅಂವಾ ನಿಂತಲ್ಲೇ ಒಂದ್ ಸುತ್ತ ನೋಡಿ "ನಾಕ್ ಟಿಪ್ಪರ್ ಗರಸು ಸಾಕಾಗ್ತೈತ್ರಿ ಯಜಮಾನ್ರ" ಅಂದ. ಗರಸು ಅಂದ್ರ ಬುಡಕ್ಕ ಹಾಕಿ ಗಟ್ಟಿ ಮಾಡೋ ಹರಳು ಮಣ್ಣು. ಟಿಪ್ಪರ್ ಅಂದ್ರ ಅಳತಿ ಅಲ್ಲ, ಒಂದೊಂದ್ ಬಾಡಿ ಒಂದೊಂದ್ ಸೈಜ್ ಇರ್ತೈತಿ, ಹಂಗಾಗಿ ಟೇಪ್ ಹಿಡದು ನಾನ ಇಳದೆ.

ದೊಡ್ಡ ಭಾಗ 40 ಬೈ 24, ಅಂದ್ರ 960 ಚದರ ಅಡಿ. ಕಂಪೌಂಡ್ ಸೊಟ್ಟ ಇರೋ ಕಡೆ ಒಂದ್ ತ್ರಿಕೋನ, 18 ಬೈ 8ರ ಅರ್ಧ, 72. ತುಳಸಿಕಟ್ಟಿ ಮತ್ತ ಬೇವಿನ ಗಿಡದ ಬುಡ ಸೇರಿ 44 ಕಳದ್ರ 988 ಉಳೀತು, 990 ಅಂತ ಹಿಡದೆ. ಒಂದ್ ಗುಂಟೆ 1089 ಚದರ ಅಡಿ, ಹಂಗ ನೋಡಿದ್ರ ಗುಂಟೆಗಿಂತ ಸ್ವಲ್ಪ ಕಮ್ಮಿ.

ಇಷ್ಟು ಎಲ್ಲಾರೂ ಮಾಡ್ತಾರ. ಖರೆ ರೊಕ್ಕ ಹೋಗೋದು ದಪ್ಪದಾಗ. ಎರಿ ಮಣ್ಣು ನೀರು ಕುಡದು ಉಬ್ಬತೈತಿ, ಒಣಗಿದ್ರ ಕುಗ್ಗತೈತಿ, ಅದಕ್ಕ ಕೆಳಗ ಗರಸು ರೋಲರ್ ಹೊಡದ ಮ್ಯಾಲ 8 ಇಂಚ್ ಇರಬೇಕಂತ ಇಟ್ಕೊಂಡೆ. 990ನ್ನ 8ರಿಂದ ಗುಣಿಸಿ 12ರಿಂದ ಭಾಗಿಸಿದ್ರ 660 ಘನ ಅಡಿ, ಆದ್ರ ಇದು ಕುಂತ ಮ್ಯಾಲಿನ ಲೆಕ್ಕ, ಗಾಡ್ಯಾಗ ಬರೋದು ಸಡಿಲ ಮಾಲು. 25 ಪರ್ಸೆಂಟ್ ಸೇರಿಸಿದ್ರ 825. ಒಂದ್ ಬ್ರಾಸ್ 100 ಘನ ಅಡಿ, ಅಂದ್ರ ಎಂಟೂಕಾಲು ಬ್ರಾಸ್. ಅದರ ಮ್ಯಾಲ ಡಸ್ಟ್ (ಕಲ್ಲಿನ ಪುಡಿ) ಕೂಡಿಸಿದ ಖಡಿ (ಜಲ್ಲಿಕಲ್ಲು) 4 ಇಂಚ್, 330 ಘನ ಅಡಿಗೆ 20 ಪರ್ಸೆಂಟ್ ಹೆಚ್ಚು ಹಿಡದು 4 ಬ್ರಾಸ್. ಪೇವರ್ ಕೆಳಗ ಒಂದೂವರಿ ಇಂಚ್ ಎಂ ಸ್ಯಾಂಡ್, ಸಂದಿಗೆ ತುಂಬೋದೂ ಸೇರಿ ಒಂದೂವರಿ ಬ್ರಾಸ್.

ಇನ್ನ ಇಳಿಜಾರು. ಮನಿ ಕಡೆಯಿಂದ ಗಟಾರಕ್ಕ 50 ಅಡಿಗೆ 1 ಅಡಿ ಅಂದ್ರ ನಮ್ಮ 24 ಅಡಿಗೆ ಸುಮಾರು 6 ಇಂಚ್ ಬೇಕು. ನಮ್ಮ ಗೌಂಡಿ ಮಣ್ಣು ಸಪಾಟ ಅಗದು ಇಳಿಜಾರು ಗರಸಿನಾಗ ಕೊಡೋಣು ಅಂದ. ಬ್ಯಾಡ ಅಂದೆ, ಸರಾಸರಿ 3 ಇಂಚ್ ಹೆಚ್ಚಿಗಿ ಗರಸು ಅಂದ್ರ ಸುಮ್ನ 3 ಬ್ರಾಸ್ ಹೋಗ್ತೈತಿ. ಜೆಸಿಬಿ ನಿಂತಾಗನ ಮಣ್ಣಿನಾಗ ಇಳಿಜಾರು ಕೆತ್ತಿಸಿದ್ರ ಮ್ಯಾಲಿನ ಪದರ ಎಲ್ಲಾ ಒಂದ ದಪ್ಪ ಬರ್ತಾವ, ಅದೂ ಮಣ್ಣು ಒಣಗಿದ್ದಾಗ, ಹಸಿ ಎರಿ ಮ್ಯಾಲ ಹಾಕಿದ್ ಗರಸು ಒಳಗ ಇಳದು ಎಷ್ಟ್ ತಂದ್ರೂ ಸಾಲಂಗಿಲ್ಲ.

ಮಾಲು ಇಳಸೂ ಮುಂಚೆ ಟ್ರ್ಯಾಲಿ ಒಳಗಿನ ಅಳತಿ ತಗೋರಿ, ಡ್ರೈವರ್ ಮಾರಿ ಗಂಟ್ ಹಾಕ್ತಾನ, ಹಾಕ್ಲಿ. ನಮಗ ಬಂದಿದ್ದ ಟ್ರ್ಯಾಕ್ಟರ್ ಟ್ರ್ಯಾಲಿ 10 ಬೈ 6, ಎತ್ತರ 1.75, ಅಂದ್ರ ಸಪಾಟ ತುಂಬಿದ್ರ 105 ಘನ ಅಡಿ. ನಡು ತಗ್ಗಿದ್ರ ಒಂದ್ ಬ್ರಾಸ್ ಅಲ್ಲ. ಕ್ರಷರ್‌ನವ್ರು ಟನ್ ಲೆಕ್ಕದಾಗ ಕೊಟ್ರ ಒಂದ್ ಬ್ರಾಸ್ ಖಡಿಗೆ ಹೆಚ್ಚುಕಮ್ಮಿ 4ರಿಂದ 4.5 ಟನ್ ಹಿಡೀರಿ, ಮಳಿಗಾಲದಾಗ ಡಸ್ಟ್ ಟನ್ ಮ್ಯಾಲ ತಗೊಂಡ್ರ ನೀರಿಗೂ ರೊಕ್ಕ ಕೊಟ್ಟಂಗ.

ಪೇವರ್ ಲೆಕ್ಕ ಸರಳ. 200 ಬೈ 100 ಎಂಎಂ ಇಟ್ಟಂಗಿ ಆಕಾರದ್ದು ಚದರ ಮೀಟರಿಗೆ 50. 990ನ್ನ 10.76ರಿಂದ ಭಾಗಿಸಿದ್ರ 92 ಚದರ ಮೀಟರ್, 4600 ಪೇವರ್. ಗಿಡದ ಸುತ್ತ, ಸೊಟ್ಟ ಗ್ವಾಡಿ ಕಡೆ ಕಟಿಂಗ್ ಜಾಸ್ತಿ ಅಂತ 5 ಪರ್ಸೆಂಟ್ ಸೇರಿಸಿ 4830 ಹೇಳಿದೆ. ಕಾರ್ ಅಷ್ಟ ಇದ್ರ 60 ಎಂಎಂ ದಪ್ಪದ ಪೇವರ್ ಸಾಕು, ಲೋಡ್ ಗಾಡಿ ಬರೋದಿದ್ರ 80 ತಗೋರಿ. ಉಳದ ಪೇವರ್ ವಾಪಸ್ ಕೊಡಬ್ಯಾಡ್ರಿ, ನಾಳೆ ನಳದ ಪೈಪಿಗೆ ಅಗದಾಗ ಒಂದಿಷ್ಟ್ ಒಡೀತಾವ, ಆವಾಗ ಅದ ಬಣ್ಣದ್ದು ಹುಡುಕಾಕ ಹೋದ್ರ ಸಿಗಂಗಿಲ್ಲ.