ಬಾಬಿನ್ ಲೇಸಿನಲ್ಲಿ ಕುಚ್ಚು ಇಳಿಬಿಟ್ಟ ತೂಗು ಅಲಂಕಾರ

ಬಾಬಿನ್ ಎಂಬ ಕಡ್ಡಿಗಳಿಗೆ ಸುತ್ತಿದ ನೂಲುಗಳನ್ನು ಗುಂಡುಸೂಜಿಗಳ ಸುತ್ತ ಒಂದರ ಮೇಲೊಂದು ಹಾಯಿಸಿ ಹೆಣೆಯುವ ಜಾಲರಿಯೇ ಬಾಬಿನ್ ಲೇಸ್. 16ನೇ ಶತಮಾನದಲ್ಲಿ ಇಟಲಿ ಮತ್ತು ಇಂದಿನ ಬೆಲ್ಜಿಯಂ ಭಾಗದ ಫ್ಲಾಂಡರ್ಸ್‌ನಲ್ಲಿ ಬೆಳೆದ ಈ ಕಸುಬನ್ನು 19ನೇ ಶತಮಾನದಲ್ಲಿ ಮಿಷನರಿಗಳು ತಮಿಳುನಾಡಿನ ನಾಗರಕೋಯಿಲಿಗೂ ತಂದರು. ಕೊನೆಯಲ್ಲಿ ಉಳಿಯುವ ನೂಲುಗಳನ್ನು ಮರೆಮಾಡುವುದು ಇದರಲ್ಲಿ ಹೊಸಬರಿಗೆ ಕಷ್ಟದ ಕೆಲಸ. ಆದರೆ ಸೀರೆಗೆ ಕುಚ್ಚು ಕಟ್ಟಿ ಅಭ್ಯಾಸವಿರುವ ದಾವಣಗೆರೆಯ ಹೆಣ್ಣುಮಕ್ಕಳು ಆ ನೂಲುಗಳನ್ನೇ ಕುಚ್ಚಾಗಿ ಇಳಿಬಿಡಬಹುದು.

ಸೂಜಿ ಚುಚ್ಚಿ ಹೆಣೆಯುವ ದಿಂಬು ಗಟ್ಟಿಯಾಗಿರಬೇಕು. ಭದ್ರಾ ನಾಲೆಯ ಬಯಲಿನಲ್ಲಿ ಸಿಗುವ ಭತ್ತದ ಹುಲ್ಲನ್ನು ಸಣ್ಣಗೆ ಕತ್ತರಿಸಿ, ದಪ್ಪ ಬಟ್ಟೆಯ ಚೀಲದಲ್ಲಿ ಗಿಡಿದು ತುಂಬಿದರೆ ಸೂಜಿ ಅಲುಗಾಡದೆ ನಿಲ್ಲುತ್ತದೆ. ಬಾಬಿನ್ ಸಿಗದಿದ್ದರೆ ಪೆನ್ಸಿಲ್ ತುಂಡುಗಳ ಒಂದು ತುದಿಯಲ್ಲಿ ಕಚ್ಚು ಕೊರೆದು 24 ಕಡ್ಡಿ ಮಾಡಿಕೊಳ್ಳಿ. ನೂಲು ದಪ್ಪನೆಯ ಹತ್ತಿಯ ಕ್ರೋಶಾ ದಾರವಾಗಿರಲಿ. ಕುಚ್ಚಿನ ರೇಷ್ಮೆ ದಾರ ನೋಡಲು ಚೆಂದ, ಆದರೆ ಜಾರುವುದರಿಂದ ಕೈ ಪಳಗುವ ತನಕ ಬೇಡ. ಒಂದು ಮೀಟರಿನ ಹನ್ನೊಂದು ಬಿಳಿ ಎಳೆ, ಎರಡೂವರೆ ಮೀಟರಿನ ಒಂದು ಕೆಂಪು ಎಳೆ ಕತ್ತರಿಸಿ, ಪ್ರತಿ ಎಳೆಯ ಎರಡೂ ತುದಿಗಳನ್ನು ಒಂದೊಂದು ಕಡ್ಡಿಗೆ ಸುತ್ತಿದರೆ ಹನ್ನೆರಡು ಜೋಡಿಗಳಾಗುತ್ತವೆ.

ಗ್ರಾಫ್ ಹಾಳೆಯ ಮೇಲೆ, ಪ್ರತಿ ಚುಕ್ಕಿಯೂ ಹಿಂದಿನದಕ್ಕಿಂತ 5 ಮಿ.ಮೀ. ಪಕ್ಕಕ್ಕೆ ಮತ್ತು 5 ಮಿ.ಮೀ. ಕೆಳಕ್ಕೆ ಬರುವಂತೆ, 20 ಚುಕ್ಕಿಗಳ ವಜ್ರಾಕೃತಿ ಬರೆಯಿರಿ: ಮೇಲೊಂದು, ಕೆಳಗೊಂದು, ಎಡಬಲಗಳಲ್ಲಿ ಒಂಬತ್ತೊಂಬತ್ತು. ಅದನ್ನು ರಟ್ಟಿಗೆ ಅಂಟಿಸಿ, ಚುಕ್ಕಿಗಳನ್ನು ಮೊದಲೇ ಚುಚ್ಚಿ, ದಿಂಬಿನ ಮೇಲೆ ಬಿಗಿಯಿರಿ.

ಕೈಚಲನೆ ಎರಡೇ. ಎರಡು ಜೋಡಿಯ ನಾಲ್ಕು ನೂಲುಗಳನ್ನು ಎಡದಿಂದ ಎಣಿಸಿ, ಎರಡನೆಯದನ್ನು ಮೂರನೆಯದರ ಮೇಲೆ ದಾಟಿಸುವುದು ಕ್ರಾಸ್. ಎರಡನ್ನು ಒಂದರ ಮೇಲೂ ನಾಲ್ಕನ್ನು ಮೂರರ ಮೇಲೂ ಹಾಕುವುದು ಟ್ವಿಸ್ಟ್. ಸಂಖ್ಯೆ ಇರುವುದು ಸ್ಥಾನಕ್ಕೆ, ನೂಲಿಗಲ್ಲ. ಪ್ರತಿ ಚಲನೆಯ ನಂತರ ಹೊಸದಾಗಿ ಎಣಿಸಬೇಕು. ಕ್ರಾಸ್, ಟ್ವಿಸ್ಟ್, ಕ್ರಾಸ್ ಸೇರಿದರೆ ಕ್ಲಾತ್ ಸ್ಟಿಚ್ ಆಗುತ್ತದೆ, ಅದರಿಂದ ಕೆಂಪು ಜೋಡಿ ಬಿಳಿ ಜೋಡಿಯನ್ನು ದಾಟಿ ಆಚೆ ಬರುತ್ತದೆ.

ಮೇಲಿನ ಸೂಜಿಗೆ ಎಡಕ್ಕೆ ಕೆಂಪು, ಬಲಕ್ಕೆ ಒಂದು ಬಿಳಿ ಜೋಡಿ ನೇತುಹಾಕಿ ಒಂದು ಕ್ಲಾತ್ ಸ್ಟಿಚ್ ಹಾಕಿ. ಬಲಕ್ಕೆ ಬಂದ ಕೆಂಪು ಜೋಡಿಯನ್ನಷ್ಟೇ ಎರಡು ಸಲ ಟ್ವಿಸ್ಟ್ ಮಾಡಿ (ಬಲನೂಲು ಎಡನೂಲಿನ ಮೇಲೆ), ಅದರ ಒಳಮಗ್ಗುಲಿಗೆ ಬಲಗಡೆಯ ಮೊದಲ ಚುಕ್ಕಿಯಲ್ಲಿ ಸೂಜಿ ಚುಚ್ಚಿ, ಅದೇ ಸೂಜಿಗೆ ಹೊಸ ಬಿಳಿ ಜೋಡಿ ತೂಗುಹಾಕಿ, ಕೆಂಪನ್ನು ಆ ಜೋಡಿಯ ಮೂಲಕವೂ ಉಳಿದವುಗಳ ಮೂಲಕವೂ ಎಡಕ್ಕೆ ಒಯ್ಯಿರಿ. ಎಡದಲ್ಲೂ ಹೀಗೆಯೇ. ಪ್ರತಿ ಬದಿಯ ಐದನೆಯ ಚುಕ್ಕಿ, ಅಂದರೆ ಅಗಲದ ಮೂಲೆ, ಮುಟ್ಟುವಾಗ ಹನ್ನೆರಡು ಜೋಡಿಯೂ ಸೇರಿರುತ್ತವೆ. ಅಲ್ಲಿಂದ ಕೆಳಗೆ ಹೊಸತು ಸೇರಿಸದೆ, ಆ ಮೂಲೆಯ ಜೋಡಿಯಿಂದಲೇ ಶುರುಮಾಡಿ, ಅಂಚಿನ ಜೋಡಿಯ ಮೂಲಕ ಒಮ್ಮೆ ಹಿಂದಿರುಗಿದ ಮೇಲೆ ಆ ಜೋಡಿಯನ್ನು ಹೊರಗೆ ಬಿಡಬೇಕು. ಮುಂದಿನ ಸಲ ಆ ಬದಿಗೆ ಬಂದಾಗ ಅದನ್ನು ಮುಟ್ಟಬಾರದು. ಪ್ರತಿ ಸಾಲಿನ ಕೊನೆಗೆ ಬಿಳಿ ನೂಲುಗಳನ್ನು ಹದವಾಗಿ ಕೆಳಕ್ಕೆ ಎಳೆಯಿರಿ. ಕೆಂಪನ್ನು ಹೆಚ್ಚು ಎಳೆದರೆ ಅಂಚು ಒಳಕ್ಕೆ ಕುಗ್ಗುತ್ತದೆ.

ಕೊನೆಯಲ್ಲಿ ಉಳಿದ ಎರಡು ಜೋಡಿಗಳನ್ನು ಕೆಳತುದಿಯ ಸೂಜಿಯ ಬಳಿ ಗಂಟು ಹಾಕಿ, ಹೊರಬಿಟ್ಟ ಜೋಡಿಗಳಿಗೂ ಅಂಚಿಗೊತ್ತಿ ಗಂಟು ಹಾಕಿ. ಸೂಜಿ ತೆಗೆಯುವ ಮೊದಲೇ ತೆಳುವಾದ ಸಬ್ಬಕ್ಕಿ ಗಂಜಿಯನ್ನು ಹೆಣಿಗೆಗೆ ಮಾತ್ರ ಬ್ರಷ್‌ನಿಂದ ಹಚ್ಚಬೇಕು. ಆದ್ದರಿಂದ ಸೂಜಿಗಳು ತುಕ್ಕು ಹಿಡಿಯದ ಸ್ಟೀಲಿನವಾಗಿರಬೇಕು, ಕೆಂಪು ನೂಲು ಬಣ್ಣ ಬಿಡುತ್ತದೆಯೇ ಎಂದು ಒಂದು ತುಂಡನ್ನು ಮೊದಲೇ ನೆನೆಸಿ ನೋಡಿರಬೇಕು. ಪೂರ್ತಿ ಒಣಗಿದ ಮೇಲೆ ಸೂಜಿ ಕಿತ್ತು, ಕುಚ್ಚುಗಳನ್ನು ಎಂಟು ಸೆಂಟಿಮೀಟರಿಗೆ ಕತ್ತರಿಸಿ, ಮೇಲ್ತುದಿಯ ಕುಣಿಕೆಗೆ ದಾರ ಪೋಣಿಸಿ. ಬೆಟ್ಟದ ಮೇಲೆ ಗಾಳಿಯಂತ್ರ ತಿರುಗುವ ಚಿತ್ರದುರ್ಗದಂಥ ಊರಿನಲ್ಲಿ ಕಿಟಕಿಗೆ ತೂಗುಹಾಕುವುದಾದರೆ, ಕೆಳತುದಿಯ ಗಂಟಿನ ಕೆಳಗೆ ಭಾರದ ಒಂದು ಹಿತ್ತಾಳೆ ಮಣಿ ಪೋಣಿಸುವುದು ಒಳ್ಳೆಯದು.